ಮುಚ್ಚಿದ ಬಂಕಿನ ಕೆಳಗಿನ ನೀರು: ನೋಡುವವರು ಯಾರು?

ಕಳೆದ ಬೇಸಿಗೆ ರಜೆಯಲ್ಲಿ ನನ್ನ ಮಾಮು ಒಂದು ಪ್ಲಾಟ್ ನೋಡಿ ಬಂದರು. ನಮ್ಮ ಹಾವೇರಿ ಜಿಲ್ಲೆಯದೇ ಒಂದು ಊರು. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿ ಯಾರದೋ ತಪ್ಪು ನಡೆದಿದೆ ಎಂದು ಹೇಳಲು ನನ್ನ ಹತ್ತಿರ ಆಧಾರವಿಲ್ಲ, ಸುಮ್ಮನೆ ಒಬ್ಬರ ಜಾಗಕ್ಕೆ ಕೆಟ್ಟ ಹೆಸರು ತರಬಾರದು. ಜಾಗ ರಸ್ತೆಗೆ ಹತ್ತಿದೆ, ಆಯತಾಕಾರ, ಮೂಲೆ ಪ್ಲಾಟ್, ಅಕ್ಕಪಕ್ಕಕ್ಕಿಂತ ರೇಟು ಕಡಿಮೆ. ಮುಂಗಡವನ್ನೂ ಕೊಟ್ಟಾಗಿತ್ತು. ಗುತ್ತಲಕ್ಕೆ ನಮ್ಮ ಮನೆಗೆ ಬಂದಾಗ ಚಹಾ ಕುಡಿಯುತ್ತ ಮಾಮು ನನ್ನನ್ನು ಕರೆದರು.

"ಬೇಟಾ, ನೀ ಸೈನ್ಸ್ ಓದಾಕತ್ತೀಯಲ್ಲ, ಒಂದು ಮಾತು ಹೇಳು. ಆ ಜಾಗದಾಗ ಮೊದಲು ಪೆಟ್ರೋಲ್ ಬಂಕ್ ಇತ್ತಂತ. ಈಗ ಬಂದ್ ಆಗಿ ಭಾಳ ವರ್ಷ ಆಗೈತಿ. ಅಲ್ಲಿ ಬೋರ್ ಹಾಕಿದ್ರ ನೀರು ಕುಡಿಯಾಕ ಬರ್ತೈತೇನು?"

"ಕೇಳಿ ಹೇಳ್ತೀನಿ ಮಾಮು" ಅಂದೆ. ಒಂದು ವಾರದಲ್ಲಿ ಉತ್ತರ ಸಿಗುತ್ತದೆ ಅಂದುಕೊಂಡಿದ್ದೆ. ನೀರು ಕುಡಿಯಲು ಬರುತ್ತದೋ ಇಲ್ಲವೋ ಎನ್ನುವುದು ಕೆಮಿಸ್ಟ್ರಿಯ ಪ್ರಶ್ನೆ ಎಂದೇ ನನ್ನ ತಿಳುವಳಿಕೆಯಾಗಿತ್ತು. ಹುಡುಕುತ್ತ ಹೋದಂತೆ ಗೊತ್ತಾಯಿತು, ಇದರಲ್ಲಿ ಕೆಮಿಸ್ಟ್ರಿ ಅರ್ಧ ಮಾತ್ರ. ಉಳಿದರ್ಧ, ಆ ಜಾಗದಲ್ಲಿ ಟ್ಯಾಂಕ್ ಇತ್ತು ಎಂಬುದನ್ನು ಯಾವ ಕಚೇರಿಯ ಯಾವ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ ಎಂಬ ಪ್ರಶ್ನೆ.

ಮೊದಲು ಜಾಗ ನೋಡಲು ಹೋದೆವು. ಛಾವಣಿ ಇಲ್ಲ, ಯಂತ್ರಗಳಿಲ್ಲ. ಒಡೆದ ಕಾಂಕ್ರೀಟ್ ನೆಲ, ಸುತ್ತ ಜಾಲಿ. ಎದುರಿಗೆ ಚಹಾದಂಗಡಿ ಇಟ್ಟುಕೊಂಡಿರುವ ಅಜ್ಜ ಒಂದು ಕಾಲದಲ್ಲಿ ಅದೇ ಬಂಕಿನಲ್ಲಿ ಪೆಟ್ರೋಲ್ ಹಾಕುತ್ತಿದ್ದವರು.

"ಟ್ಯಾಂಕ್ ಎಷ್ಟಿದ್ವು ಅಜ್ಜಾರ?"

"ಮೂರು ಇದ್ವು ತಮ್ಮಾ. ಎರಡನ್ನ ಕ್ರೇನ್ ತಂದು ಎತ್ತಿದ್ರು, ನಾನs ಕಣ್ಣಾರೆ ನೋಡೇನಿ. ಮೂರನೇದು ಹಳೇದು. ಅದನ್ನ ಎತ್ತಿದ್ರೋ, ಉಸುಕು ತುಂಬಿ ಅಲ್ಲೇ ಬಿಟ್ರೋ ಗೊತ್ತಿಲ್ಲ. ಅಷ್ಟೊತ್ತಿಗೆ ನಾ ಕೆಲಸ ಬಿಟ್ಟಿದ್ದೆ."

"ಎಂದರೆ ಸೋರಿತ್ತೇನ್ರಿ?"

"ದಿನಾ ಕೋಲು ಇಳಿಬಿಟ್ಟು ನೋಡ್ತಿದ್ವಿ. ಸ್ವಲ್ಪ ಹೆಚ್ಚು ಕಮ್ಮಿ ಇರ್ತಿತ್ತು. ಬಿಸಿಲಿಗೆ ಆರಿ ಹೋಗೈತಿ ಅಂತ ಬರೀತಿದ್ರು."

ಅಜ್ಜ ಹೇಳಿದ್ದರಲ್ಲಿ ಸುಳ್ಳಿಲ್ಲ. ಪೆಟ್ರೋಲ್ ನಿಜಕ್ಕೂ ಆವಿಯಾಗುತ್ತದೆ. ಆದರೆ ಆ "ಸ್ವಲ್ಪ ಹೆಚ್ಚು ಕಮ್ಮಿ"ಯ ಒಳಗೆ ಎಷ್ಟು ಅಡಗಬಹುದು ಎಂದು ಮನೆಗೆ ಬಂದು ಲೆಕ್ಕ ಹಾಕಿದೆ.

ಒಂದು ಟ್ಯಾಂಕ್ 20,000 ಲೀಟರ್ ಹಿಡಿಯುತ್ತದೆ ಎಂದುಕೊಳ್ಳಿ. ಮಲಗಿಸಿದ ಸಿಲಿಂಡರ್, ಅಡ್ಡಳತೆ 2 ಮೀಟರ್, ಉದ್ದ ಸುಮಾರು 6.4 ಮೀಟರ್. ಟ್ಯಾಂಕ್ ಅರ್ಧ ತುಂಬಿದ್ದಾಗ ಒಳಗಿನ ಎಣ್ಣೆಯ ಮೇಲ್ಮೈ ಸುಮಾರು 12.8 ಚದರ ಮೀಟರ್. ಕೋಲಿನ ಮೇಲೆ ಗುರುತನ್ನು 1 ಮಿಲಿಮೀಟರ್ ತಪ್ಪಾಗಿ ಓದಿದರೆ ಸುಮಾರು 13 ಲೀಟರ್ ವ್ಯತ್ಯಾಸ. ಈಗ ಒಂದು ಪೈಪಿನ ಜೋಡಣೆಯಿಂದ ಸೆಕೆಂಡಿಗೆ ಒಂದು ಹನಿ ಸೋರುತ್ತಿದೆ ಎಂದುಕೊಳ್ಳಿ. ಒಂದು ಹನಿ 0.05 ಮಿಲಿಲೀಟರ್. ದಿನಕ್ಕೆ 86,400 ಸೆಕೆಂಡು. ಗುಣಿಸಿದರೆ ದಿನಕ್ಕೆ 4.3 ಲೀಟರ್, ವರ್ಷಕ್ಕೆ ಸುಮಾರು 1,575 ಲೀಟರ್. ಅಂದರೆ ಮೂರು ದಿನದ ಸೋರಿಕೆ ಸೇರಿದರೂ ಕೋಲಿನ ಮೇಲೆ ಒಂದು ಮಿಲಿಮೀಟರ್ ಕಾಣಿಸುತ್ತದೆ, ಅಷ್ಟೇ. ಬಿಸಿಲಿಗೆ ಆರಿತು ಎಂದು ಬರೆಯುವವನು ಮೋಸ ಮಾಡುತ್ತಿರಲಿಕ್ಕಿಲ್ಲ. ಅವನ ಕೋಲಿಗೆ ಅದು ಕಾಣುವುದೇ ಇಲ್ಲ. ಈಗಿನ ಹಲವು ಬಂಕುಗಳಲ್ಲಿ ಟ್ಯಾಂಕಿನೊಳಗೆ ಎಲೆಕ್ಟ್ರಾನಿಕ್ ಅಳತೆ ಇದೆ. ಮುಚ್ಚಿಹೋದ ಹಳೆಯ ಬಂಕುಗಳ ಕಾಲದಲ್ಲಿ ಕೋಲೇ ಎಲ್ಲ.

ಸೋರಿದ್ದು ಎಲ್ಲಿಗೆ ಹೋಗುತ್ತದೆ

ಬಹಳ ಜನ ಟ್ಯಾಂಕ್ ಒಡೆದರೆ ಮಾತ್ರ ಸೋರಿಕೆ ಅಂದುಕೊಂಡಿದ್ದಾರೆ. ಟ್ಯಾಂಕಿನಿಂದ ಯಂತ್ರಕ್ಕೆ ಹೋಗುವ ಪೈಪುಗಳು, ಅವುಗಳ ಜೋಡಣೆಗಳು, ಟ್ಯಾಂಕರ್ ಲಾರಿಯಿಂದ ಇಳಿಸುವಾಗ ಚೆಲ್ಲುವುದು, ಇವೆಲ್ಲವೂ ಅಷ್ಟೇ ಮುಖ್ಯ ಕಾರಣಗಳು. ಹಳೆಯ ಕಬ್ಬಿಣದ ಟ್ಯಾಂಕಿಗೆ ಹೊರಗಿನಿಂದ ತುಕ್ಕು ಹಿಡಿಯುತ್ತದೆ. ನಮ್ಮ ಕಡೆಯ ಎರೆಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರಿಯುತ್ತದೆ. ಹೊಲದಲ್ಲಿ ನಡೆದಾಡಿದ ಯಾರಿಗೂ ಇದು ಗೊತ್ತು. ಮಣ್ಣು ಹೀಗೆ ವರ್ಷ ವರ್ಷ ಎಳೆದಾಡಿದರೆ ಅದರೊಳಗೆ ಹೂತ ಪೈಪಿನ ಜೋಡಣೆ ಸಡಿಲಾಗುವುದು ಆಶ್ಚರ್ಯವಲ್ಲ.

ಸೋರಿದ ಪೆಟ್ರೋಲ್ ಮಣ್ಣಿನ ಸಂದುಗಳಲ್ಲಿ ಇಳಿಯುತ್ತದೆ. ಸ್ವಲ್ಪ ಮಣ್ಣಿಗೆ ಅಂಟಿ ನಿಲ್ಲುತ್ತದೆ, ಸ್ವಲ್ಪ ಆವಿಯಾಗಿ ಮೇಲಕ್ಕೆ ಬರುತ್ತದೆ. ಉಳಿದದ್ದು ಅಂತರ್ಜಲ ಮುಟ್ಟಿದಾಗ ಅದರ ಮೇಲೆ ತೇಲುತ್ತದೆ, ಏಕೆಂದರೆ ನೀರಿಗಿಂತ ಹಗುರ. ಮಳೆಗಾಲದಲ್ಲಿ ನೀರಿನ ಮಟ್ಟ ಏರಿದಾಗ ಅದೂ ಏರುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ. ಹೀಗೆ ಏರಿಳಿಯುತ್ತ ಬಣ್ಣ ಬಳಿದಂತೆ ಹಲವು ಅಡಿ ಮಣ್ಣಿಗೆ ಎಣ್ಣೆ ಬಳಿಯುತ್ತದೆ. ಬಂಕ್ ಮುಚ್ಚಿ ವರ್ಷಗಳಾದರೂ ಆ ಬಳಿದ ಮಣ್ಣಿನಿಂದ ಪ್ರತಿ ಮಳೆಗೂ ಸ್ವಲ್ಪ ಸ್ವಲ್ಪ ಕರಗಿ ಬರುತ್ತಿರಬಹುದು.

ಕರಗುವುದರಲ್ಲಿ ಅಪಾಯದ್ದು ಬೆಂಜೀನ್. ಪ್ರಥಮ ಪಿಯುಸಿಯ ಹೈಡ್ರೋಕಾರ್ಬನ್ ಪಾಠದಲ್ಲಿ ಷಡ್ಭುಜ ಬರೆದು ಒಳಗೊಂದು ವೃತ್ತ ಹಾಕಿದ್ದೆವಲ್ಲ, ಅದೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿ ಇಟ್ಟಿದೆ. ಕುಡಿಯುವ ನೀರಿನಲ್ಲಿ ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಭಾರತದ ಈಗಿನ ಪೆಟ್ರೋಲಿನಲ್ಲಿ ಬೆಂಜೀನ್ ಗಾತ್ರದ ಲೆಕ್ಕದಲ್ಲಿ ಶೇಕಡಾ 1ರ ತನಕ ಇರಬಹುದು. ಒಂದು ಲೀಟರ್ ಪೆಟ್ರೋಲಿನಲ್ಲಿ 10 ಮಿಲಿಲೀಟರ್, ತೂಕ ಸುಮಾರು 8.8 ಗ್ರಾಂ, ಅಂದರೆ 88 ಲಕ್ಷ ಮೈಕ್ರೋಗ್ರಾಂ. ಅದನ್ನು ಹತ್ತರಿಂದ ಭಾಗಿಸಿ. ಒಂದು ಲೀಟರ್ ಪೆಟ್ರೋಲಿನ ಬೆಂಜೀನ್ ಪೂರ್ತಿ ಕರಗಿದರೆ 8.8 ಲಕ್ಷ ಲೀಟರ್ ನೀರನ್ನು ಮಿತಿಯ ಅಂಚಿಗೆ ತರಬಲ್ಲದು. 5,000 ಲೀಟರಿನ ನೀರಿನ ಟ್ಯಾಂಕರ್ ಲೆಕ್ಕದಲ್ಲಿ 176 ಟ್ಯಾಂಕರ್.

ಪೂರ್ತಿ ಕರಗುವುದಿಲ್ಲ ಎನ್ನುವುದನ್ನೂ ಹೇಳಬೇಕು. ಬಹಳಷ್ಟು ಆವಿಯಾಗುತ್ತದೆ, ಮಣ್ಣಿನ ಸೂಕ್ಷ್ಮಾಣುಗಳು ಒಂದಿಷ್ಟನ್ನು ತಿಂದು ಮುಗಿಸುತ್ತವೆ. ಈ ಸೂಕ್ಷ್ಮಾಣುಗಳ ವಿಷಯದಲ್ಲಿ ಒಂದು ಸ್ವಾರಸ್ಯವಿದೆ. ಈಗ ನಮ್ಮ ಪೆಟ್ರೋಲಿಗೆ ಶೇಕಡಾ 20ರಷ್ಟು ಎಥನಾಲ್ ಸೇರಿಸುತ್ತಾರೆ. ಎಥನಾಲ್ ನೀರಿನಲ್ಲಿ ಸಲೀಸಾಗಿ ಕರಗುತ್ತದೆ, ಸೂಕ್ಷ್ಮಾಣುಗಳಿಗೆ ಅದು ಇಷ್ಟದ ಊಟ. ಮೊದಲು ಅದನ್ನು ತಿನ್ನುತ್ತ ಅಲ್ಲಿದ್ದ ಆಮ್ಲಜನಕವನ್ನು ಖಾಲಿ ಮಾಡುತ್ತವೆ, ಬೆಂಜೀನ್ ಕಡೆಗೆ ತಡವಾಗಿ ಬರುತ್ತವೆ. ಅಷ್ಟರಲ್ಲಿ ಬೆಂಜೀನ್ ಮುಂದೆ ಹೋಗಿರುತ್ತದೆ. ಮಾಮುವಿನ ಪ್ಲಾಟಿನಲ್ಲಿ ಎಥನಾಲಿನ ಚಿಂತೆ ಇಲ್ಲ, ಬಂಕ್ ಅದಕ್ಕೂ ಮೊದಲೇ ಮುಚ್ಚಿದೆ. ಅಲ್ಲಿರುವುದು ಬೇರೆ ಚಿಂತೆ. ಭಾರತದಲ್ಲಿ ಸೀಸ ಬೆರೆಸಿದ ಪೆಟ್ರೋಲ್ ಮಾರಾಟ ಪೂರ್ತಿ ನಿಂತದ್ದು 2000ದಲ್ಲಿ. ಅದಕ್ಕಿಂತ ಹಿಂದಿನ ಬಂಕಿನ ಮಣ್ಣಿನಲ್ಲಿ ಸೀಸವನ್ನೂ ನೋಡಬೇಕಾಗುತ್ತದೆ.

ಇನ್ನು ನಮ್ಮ ನೆಲ. ಮೇಲೆ ಮಣ್ಣು, ಅದರ ಕೆಳಗೆ ಸವೆದ ಕಲ್ಲು, ಅದರ ಕೆಳಗೆ ಗಟ್ಟಿ ಶಿಲೆ. ಬೋರಿನವರು "ಸೆಲೆ ಸಿಕ್ತು" ಅನ್ನುವುದು ಆ ಶಿಲೆಯ ಬಿರುಕಿನ ನೀರಿಗೆ. ಮರಳು ನೆಲದಲ್ಲಾದರೆ ಕಲ್ಮಶ ಯಾವ ದಿಕ್ಕಿಗೆ, ಎಷ್ಟು ದೂರ ಹೋಗಿದೆ ಎಂದು ಹೆಚ್ಚು ಕಡಿಮೆ ಊಹಿಸಬಹುದು. ಬಿರುಕಿನ ಶಿಲೆಯಲ್ಲಿ ಆ ಭರವಸೆ ಇಲ್ಲ. ಪಕ್ಕದ ಮನೆಯ ಬೋರ್ ಶುದ್ಧವಾಗಿದ್ದು, ಅದೇ ಬಿರುಕಿಗೆ ಸೇರಿದ ದೂರದ ಬೋರ್ ಕೆಟ್ಟಿರಬಹುದು. ಹಾಗಾಗಿ "ಪಕ್ಕದವರು ಕುಡೀತಾರಲ್ಲ, ಏನೂ ಆಗಿಲ್ಲ" ಎನ್ನುವ ಮಾತನ್ನು ನಾನು ಒಪ್ಪಲಿಲ್ಲ. ಮಾಮು ಹೇಳಿದ ಮೊದಲ ಮಾತೇ ಅದಾಗಿತ್ತು.

ಎರಡನೆಯ ಮಾತು, "ನೀರು ಟೆಸ್ಟ್ ಮಾಡಿಸೇವಿ, ಚಲೋ ಐತಿ ಅಂತ ರಿಪೋರ್ಟ್ ಬಂದೈತಿ." ರಿಪೋರ್ಟ್ ತರಿಸಿ ನೋಡಿದೆ. ಪಿಎಚ್, ಗಡಸುತನ, ಕ್ಲೋರೈಡ್, ಫ್ಲೋರೈಡ್, ನೈಟ್ರೇಟ್, ಕಬ್ಬಿಣ. ನಮ್ಮ ಕಡೆ ನೀರು ಅಂದರೆ ಮೊದಲು ಫ್ಲೋರೈಡ್ ನೆನಪಾಗುತ್ತದೆ, ಅದನ್ನು ನೋಡಲೇಬೇಕು. ಆದರೆ ಆ ಪಟ್ಟಿಯಲ್ಲಿ ಪೆಟ್ರೋಲಿನ ಒಂದು ಅಂಶವೂ ಇಲ್ಲ. ಪಂಚಾಯಿತಿಗಳಲ್ಲಿ ಇರುವ ಪರೀಕ್ಷಾ ಕಿಟ್ಟುಗಳೂ ಇವನ್ನೇ ನೋಡುವುದು. ಹುಡುಕದೇ ಇದ್ದದ್ದು ಸಿಗುವುದಿಲ್ಲ, ರಿಪೋರ್ಟಿನಲ್ಲಿ "ಕುಡಿಯಲು ಯೋಗ್ಯ" ಎಂದೇ ಬರುತ್ತದೆ. ವಾಸನೆ ನೋಡಿ ತಿಳಿಯಬಹುದು ಎನ್ನುವವರಿಗೆ ಒಂದು ಮಾತು: ಬೆಂಜೀನ್ ಮೂಗಿಗೆ ಗೊತ್ತಾಗುವ ಮಟ್ಟಕ್ಕಿಂತ ಬಹಳ ಕೆಳಗೇ ಕುಡಿಯುವ ಮಿತಿ ಇದೆ.

ಬೆಂಜೀನಿಗಾಗಿ ಪರೀಕ್ಷೆ ಮಾಡಿಸಬೇಕಾದರೆ ಮಾನ್ಯತೆ ಪಡೆದ ದೊಡ್ಡ ಪ್ರಯೋಗಾಲಯಕ್ಕೆ ಕೇಳಬೇಕು, ಕೇಳುವಾಗಲೇ ಬೆಂಜೀನ್, ಟಾಲ್ವಿನ್, ಈಥೈಲ್ ಬೆಂಜೀನ್, ಜೈಲಿನ್ ಮತ್ತು ಒಟ್ಟು ಪೆಟ್ರೋಲಿಯಂ ಹೈಡ್ರೋಕಾರ್ಬನ್ ಎಂದು ಹೆಸರು ಹೇಳಬೇಕು. ಬಿಸ್ಲೇರಿ ಬಾಟಲಿಯಲ್ಲಿ ನೀರು ತುಂಬಿ ಬಸ್ಸಿನಲ್ಲಿ ಕಳಿಸಿದರೆ ದಾರಿಯಲ್ಲೇ ಆವಿಯಾಗಿ ಹೋಗುತ್ತದೆ. ಚಿಕ್ಕ ಗಾಜಿನ ಸೀಸೆ, ಒಳಗೆ ಒಂದು ಗುಳ್ಳೆಯೂ ಉಳಿಯದಂತೆ ಕಂಠಮಟ್ಟ ತುಂಬಿ, ಬಿಗಿಯಾಗಿ ಮುಚ್ಚಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಒಯ್ಯಬೇಕು. ನಾನು ಮೊದಲ ಸಲ ತುಂಬಿದ್ದು ಪ್ಲಾಸ್ಟಿಕ್ ಬಾಟಲಿಯಲ್ಲೇ. ನಮ್ಮ ಕೆಮಿಸ್ಟ್ರಿ ಸರ್ ನೋಡಿ ನಕ್ಕು ಚೆಲ್ಲಿಸಿದರು.

ಬೆಂಕಿಯ ಕಾನೂನು, ನೀರಿನ ಕಾನೂನು

ಒಂದು ಬಂಕನ್ನು ನೋಡಿಕೊಳ್ಳುವ ಕಚೇರಿಗಳು ಕಡಿಮೆಯೇನಿಲ್ಲ. ಜಿಲ್ಲಾಧಿಕಾರಿಗಳ ನಿರಾಕ್ಷೇಪಣಾ ಪತ್ರ ಬೇಕು. ನಾಗಪುರದಲ್ಲಿ ಕೇಂದ್ರ ಕಚೇರಿ ಇರುವ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆಯ ಲೈಸೆನ್ಸ್ ಬೇಕು. ಇದನ್ನು ಚಿಕ್ಕದಾಗಿ ಪೆಸೊ ಎನ್ನುತ್ತಾರೆ. ಐದು ಲೀಟರಿಗೆ ಐದು ಲೀಟರ್ ಬರುತ್ತದೆಯೇ ಎಂದು ನೋಡಲು ತೂಕ ಮತ್ತು ಅಳತೆ ಇಲಾಖೆಯವರು ಬರುತ್ತಾರೆ. ಕಲಬೆರಕೆ ನೋಡಲು ಆಹಾರ ಇಲಾಖೆ, ತೈಲ ಕಂಪನಿ.

ಇವರೆಲ್ಲ ನೋಡುವುದು ನೆಲದ ಮೇಲಿನದನ್ನು. ಇದಕ್ಕೆ ಚರಿತ್ರೆಯೇ ಕಾರಣ ಎಂದು ನನಗೆ ಅನಿಸುತ್ತದೆ. ನಮ್ಮ ಪೆಟ್ರೋಲಿಯಂ ಕಾಯ್ದೆ 1934ರದು. ಅದರ ಕೆಳಗಿನ ಈಗಿನ ನಿಯಮಗಳು 2002ರವು. ಆ ಕಾಯ್ದೆ ಪೆಟ್ರೋಲಿಯಂ ಅನ್ನು ಯಾವ ಉಷ್ಣತೆಯಲ್ಲಿ ಹೊತ್ತಿಕೊಳ್ಳುತ್ತದೆ ಎಂಬುದರ ಮೇಲೆ ವರ್ಗ ಮಾಡುತ್ತದೆ: 23 ಡಿಗ್ರಿಗಿಂತ ಕಡಿಮೆಯಾದರೆ ಎ ವರ್ಗ, ಪೆಟ್ರೋಲ್ ಅದರಲ್ಲಿ, ಡೀಸೆಲ್ ಬಿ ವರ್ಗ. ಅಂದರೆ ಈ ಕಾನೂನು ಹುಟ್ಟಿದ್ದೇ ಬೆಂಕಿಯ ಭಯದಿಂದ. ಬೆಂಕಿಯ ಲೆಕ್ಕದಲ್ಲಿ ಖಾಲಿ ಮಾಡಿ ಅನಿಲ ತೆಗೆದ ಟ್ಯಾಂಕ್ ಸುರಕ್ಷಿತ, ಮುಚ್ಚಿದ ಬಂಕ್ ಇನ್ನೂ ಸುರಕ್ಷಿತ. ನೀರಿನ ಲೆಕ್ಕದಲ್ಲಿ ಹಾಗಲ್ಲ. ಬಂಕ್ ಮುಚ್ಚಿದ ದಿನ ಕೋಲು ಹಾಕುವವನೂ ಹೋಗುತ್ತಾನೆ, ಲೈಸೆನ್ಸೂ ಹೋಗುತ್ತದೆ, ತಪಾಸಣೆಗೆ ಬರುವವರೂ ನಿಲ್ಲುತ್ತಾರೆ. ನೆಲದೊಳಗಿನದು ಮಾತ್ರ ಹೋಗುವುದಿಲ್ಲ.

ನೀರಿಗೆ ಬೇರೆ ಕಾನೂನಿದೆ. 1974ರ ಜಲ ಮಾಲಿನ್ಯ ಕಾಯ್ದೆ. ಅದರ ವ್ಯಾಖ್ಯೆಯಲ್ಲಿ "ಹರಿವು" ಎಂದರೆ ನದಿ, ಹಳ್ಳ ಮಾತ್ರವಲ್ಲ, ನೆಲದೊಳಗಿನ ನೀರೂ ಸೇರುತ್ತದೆ. ಗೊತ್ತಿದ್ದೂ ವಿಷದ ವಸ್ತು ಅದಕ್ಕೆ ಅಥವಾ ಬಾವಿಗೆ ಸೇರಲು ಬಿಡಬಾರದು ಎನ್ನುತ್ತದೆ 24ನೇ ಕಲಮು. ಅದನ್ನು ಜಾರಿ ಮಾಡುವುದು ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ನಮ್ಮ ರಾಜ್ಯಕ್ಕೆ 2011ರ ಅಂತರ್ಜಲ ಕಾಯ್ದೆಯೂ ಇದೆ, ಆದರೆ ಅದರ ಮುಖ್ಯ ಚಿಂತೆ ಎಷ್ಟು ನೀರು ಎತ್ತುತ್ತೀರಿ ಎಂಬುದು. "ಗೊತ್ತಿದ್ದೂ" ಎಂಬ ಪದವನ್ನು ಇನ್ನೊಮ್ಮೆ ಓದಿ. ಕೋಲಿಗೆ ಕಾಣದ ಸೋರಿಕೆ ಯಾರಿಗೆ ಗೊತ್ತಿತ್ತು?

ಬಂಕುಗಳ ಮಟ್ಟಿಗೆ ಸ್ವಲ್ಪ ಸ್ಪಷ್ಟತೆ ಬಂದದ್ದು 2020ರ ಜನವರಿಯಲ್ಲಿ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಆದೇಶದ ಬೆನ್ನಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹೊಸ ಪೆಟ್ರೋಲ್ ಬಂಕುಗಳಿಗೆ ಮಾರ್ಗಸೂಚಿ ಹೊರಡಿಸಿತು. ಶಾಲೆ, ಹತ್ತು ಹಾಸಿಗೆಗಿಂತ ಕಡಿಮೆಯಿಲ್ಲದ ಆಸ್ಪತ್ರೆ, ವಸತಿ ಪ್ರದೇಶಗಳಿಂದ 50 ಮೀಟರ್ ದೂರ ಇರಬೇಕು. ಜಾಗದ ತೊಂದರೆ ಇದ್ದರೆ ಹೆಚ್ಚಿನ ಸುರಕ್ಷತೆಯೊಂದಿಗೆ ಕಡಿಮೆ ಮಾಡಬಹುದು, ಆದರೆ 30 ಮೀಟರಿಗಿಂತ ಕಡಿಮೆ ಆಗಬಾರದು. ಭೂಗತ ಟ್ಯಾಂಕಿನಿಂದ 165 ಲೀಟರಿಗಿಂತ ಹೆಚ್ಚು ಸೋರಿದರೆ ತೈಲ ಕಂಪನಿ ಪೆಸೊ, ಜಿಲ್ಲಾಡಳಿತ, ಮಾಲಿನ್ಯ ಮಂಡಳಿಗಳಿಗೆ ತಿಳಿಸಬೇಕು. ಮಣ್ಣು, ನೀರು ಕೆಟ್ಟಿದ್ದರೆ ಸರಿಪಡಿಸುವ ಹೊಣೆಯೂ ಕಂಪನಿಯದೇ.

ಒಳ್ಳೆಯ ನಿಯಮ. ಆದರೆ ನಮ್ಮ ಸೆಕೆಂಡಿಗೊಂದು ಹನಿಯನ್ನು ಇದರ ಪಕ್ಕ ಇಟ್ಟು ನೋಡಿ. ದಿನಕ್ಕೆ 4.3 ಲೀಟರಿನಂತೆ 165 ಲೀಟರ್ ಆಗಲು 38 ದಿನ ಬೇಕು, ಆ 38 ದಿನದಲ್ಲಿ ನಡುವೆ ಹತ್ತಾರು ಸಲ ಟ್ಯಾಂಕ್ ಖಾಲಿಯಾಗಿ ತುಂಬಿರುತ್ತದೆ. ಒಮ್ಮೆಲೇ ಆದ ದೊಡ್ಡ ಸೋರಿಕೆಯನ್ನು ಈ ಮಿತಿ ಹಿಡಿಯುತ್ತದೆ, ಹನಿ ಸೋರಿಕೆಯನ್ನು ಹಿಡಿಯುವುದು ಕಷ್ಟ. ಇನ್ನೊಂದು, ಹೆಸರೇ ಹೇಳುವಂತೆ ಇದರ ಗಮನ ಹೊಸ ಬಂಕುಗಳ ಮೇಲೆ. ಮುಚ್ಚಿ ಜಾಲಿ ಬೆಳೆದ ಜಾಗದ ಮೇಲಲ್ಲ.

ದೊಡ್ಡ ಸೋರಿಕೆ ಎಷ್ಟು ಬೇಗ ಬಾವಿಗೆ ತಲುಪುತ್ತದೆ ಎನ್ನುವುದಕ್ಕೆ ನಮ್ಮ ನೆರೆ ರಾಜ್ಯಗಳಲ್ಲಿ ಉದಾಹರಣೆಗಳಿವೆ. 2023ರ ಆಗಸ್ಟಿನಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯ ಅಂಗಾಡಿಪುರಂ ಹತ್ತಿರ ಪರಿಯಾಪುರಂನಲ್ಲಿ ಸುಮಾರು 20,000 ಲೀಟರ್ ಡೀಸೆಲ್ ತುಂಬಿದ್ದ ಟ್ಯಾಂಕರ್ ಉರುಳಿತು. ಎರಡೇ ದಿನದಲ್ಲಿ ಹತ್ತಿರದ ಬಾವಿಗಳಲ್ಲಿ ಡೀಸೆಲ್ ಕಾಣಿಸಿತು, ಒಂದು ಕಾನ್ವೆಂಟಿನ ಬಾವಿಯ ಮೋಟರ್ ಹಾಕಿದಾಗ ಬಾವಿಯೇ ಹೊತ್ತಿ ಉರಿಯಿತು. ಚೆನ್ನೈನ ತೊಂಡಿಯಾರ್‌ಪೇಟೆಯಲ್ಲಿ 2013ರಲ್ಲಿ ಜನರ ಬೋರುಗಳಲ್ಲಿ ತೈಲ ಬಂತು, ಕಾರಣ ನೆಲದೊಳಗಿನ ಪೈಪ್‌ಲೈನ್ ಸೋರಿಕೆ. ಪ್ರಕರಣ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿತು. ಎರಡು ಕಡೆಯೂ ಸುದ್ದಿಯಾಯಿತು, ಅಧಿಕಾರಿಗಳು ಬಂದರು. ಏಕೆಂದರೆ ಕಣ್ಣಿಗೆ ಕಂಡಿತು.

ಅಮೆರಿಕದವರು ಈ ಪಾಠವನ್ನು ನಮಗಿಂತ ಬಹಳ ಮೊದಲು ಕಲಿತರು, ಕಲಿತದ್ದು ನೀರು ಕೆಡಿಸಿಕೊಂಡೇ. 1984ರಲ್ಲಿ ಭೂಗತ ಟ್ಯಾಂಕುಗಳ ಮೇಲೆ ಕಾನೂನು ತಂದರು. 1986ರಲ್ಲಿ ಶುದ್ಧೀಕರಣಕ್ಕೆಂದು ನಿಧಿ ಮಾಡಿದರು. ಮಾರಾಟವಾಗುವ ಪ್ರತಿ ಗ್ಯಾಲನ್ ಇಂಧನದ ಮೇಲೆ ಒಂದು ಸೆಂಟಿನ ಹತ್ತನೇ ಒಂದು ಭಾಗ ಅದಕ್ಕೆ ಹೋಗುತ್ತದೆ. ತುಕ್ಕು ಹಿಡಿಯುವ ಹಳೆಯ ಟ್ಯಾಂಕುಗಳನ್ನು ಸುಧಾರಿಸಲು, ಇಲ್ಲವೇ ಮುಚ್ಚಲು 1998ರ ಡಿಸೆಂಬರ್ ಕೊನೆಯ ಗಡುವು. ಹುಡುಕಲು ಶುರು ಮಾಡಿದ ಮೇಲೆ ಸಿಕ್ಕ ಸೋರಿಕೆಗಳು ಐದು ಲಕ್ಷಕ್ಕೂ ಹೆಚ್ಚು. ಬಹುಪಾಲು ಮುಗಿದಿವೆ, ಇನ್ನೂ ಐವತ್ತು ಸಾವಿರದಷ್ಟು ಬಾಕಿ. 1996ರಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಮೋನಿಕಾ ನಗರ ಪೆಟ್ರೋಲಿಗೆ ಬೆರೆಸುತ್ತಿದ್ದ ಎಂಟಿಬಿಇ ಎಂಬ ರಾಸಾಯನಿಕ ಸೇರಿದ ಕಾರಣ ತನ್ನ ಕೊಳವೆಬಾವಿಗಳನ್ನು ಮುಚ್ಚಿ ಸುಮಾರು ಅರ್ಧದಷ್ಟು ನೀರನ್ನು ಕಳೆದುಕೊಂಡಿತು.

ಅಲ್ಲಿಯ ದುಡ್ಡು ನಮ್ಮ ಹತ್ತಿರ ಇಲ್ಲ, ಅದನ್ನು ಹೋಲಿಸುವುದು ಬೇಡ. ಆದರೆ ಅವರ ಒಂದು ಪದ್ಧತಿಗೆ ದುಡ್ಡು ಅಷ್ಟು ಬೇಕಿಲ್ಲ. ಕ್ಯಾಲಿಫೋರ್ನಿಯಾದ ನೀರಿನ ಮಂಡಳಿ ಜಿಯೋಟ್ರ್ಯಾಕರ್ ಎಂಬ ನಕ್ಷೆ ಇಟ್ಟಿದೆ. ಸೋರಿಕೆ ದಾಖಲಾದ ಪ್ರತಿ ಹಳೆಯ ಬಂಕಿಗೂ ಅದರಲ್ಲಿ ಒಂದು ಚುಕ್ಕೆ. ಚುಕ್ಕೆ ಒತ್ತಿದರೆ ಯಾವ ಅಧಿಕಾರಿ ನೋಡುತ್ತಿದ್ದಾರೆ, ಪರೀಕ್ಷಾ ಬಾವಿಗಳ ನೀರಿನಲ್ಲಿ ಏನಿತ್ತು, ಪ್ರಕರಣ ಮುಗಿದಿದೆಯೇ, ಎಲ್ಲ ಕಾಣುತ್ತದೆ. ಪ್ಲಾಟ್ ಕೊಳ್ಳುವ ಯಾರ ಮಾಮುವೂ ನೋಡಬಹುದು. ಒಂದು ಎಚ್ಚರವನ್ನೂ ಅಲ್ಲಿಂದಲೇ ಕಲಿತೆ. 2012ರಿಂದ ಅಲ್ಲಿ, ಉಳಿದ ಕಲ್ಮಶ ಹರಡದೆ ಕುಗ್ಗುತ್ತಿದ್ದರೆ, ಹತ್ತಿರ ಕುಡಿಯುವ ನೀರಿನ ಬಾವಿ ಇಲ್ಲದಿದ್ದರೆ, ಪೂರ್ತಿ ಶುದ್ಧವಾಗದೆಯೂ ಪ್ರಕರಣ ಮುಗಿಸಬಹುದು. ದುಡ್ಡು, ಸಮಯ ಎಲ್ಲಿ ಹೆಚ್ಚು ಬೇಕೋ ಅಲ್ಲಿ ಹಾಕಲು ಇದು ಸರಿಯಾದ ನೀತಿಯೇ ಇರಬಹುದು. ಆದರೆ "ಪ್ರಕರಣ ಮುಕ್ತಾಯ" ಎಂದರೆ "ನೀರು ಶುದ್ಧ" ಎಂದು ಓದಬಾರದು.

ಶುದ್ಧ ಮಾಡುವ ವಿಧಾನಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಕೆಟ್ಟ ಮಣ್ಣು ಅಗೆದು ತೆಗೆಯುವುದು, ತೇಲುವ ಎಣ್ಣೆಯನ್ನು ಪಂಪಿನಿಂದ ಎತ್ತುವುದು, ಮಣ್ಣಿನಿಂದ ಆವಿ ಎಳೆಯುವುದು, ನೀರನ್ನು ಇದ್ದಿಲಿನ ಮೂಲಕ ಹಾಯಿಸುವುದು. ಎಣ್ಣೆ ತಿನ್ನುವ ಸೂಕ್ಷ್ಮಾಣುಗಳನ್ನು ಬಿಡುವುದೂ ಒಂದು ವಿಧಾನ. ದೆಹಲಿಯ ಟೆರಿ ಸಂಸ್ಥೆ ಆಯಿಲ್‌ಝ್ಯಾಪರ್ ಎಂಬ ಹೆಸರಿನಲ್ಲಿ ಇಂಥ ಸೂಕ್ಷ್ಮಾಣುಗಳ ಮಿಶ್ರಣ ಮಾಡಿದೆ. ವಿದ್ಯೆ ನಮ್ಮ ದೇಶದಲ್ಲೇ ಇದೆ.

ಹೊಸ ನಿಯಮ, ಹಳೆಯ ಉತಾರ

2025ರ ಜುಲೈನಲ್ಲಿ ಕೇಂದ್ರ ಪರಿಸರ ಸಚಿವಾಲಯ ಕಲುಷಿತ ಸ್ಥಳಗಳ ನಿರ್ವಹಣೆಯ ನಿಯಮಗಳನ್ನು ಹೊರಡಿಸಿತು. 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಕೆಳಗೆ. ಹಳೆಯ ಕಲುಷಿತ ಜಾಗಕ್ಕೆಂದೇ ಇಡೀ ದೇಶಕ್ಕೆ ಒಂದು ಕ್ರಮ ಬಂದದ್ದು ಇದರಿಂದ. ಆ ಹೊತ್ತಿಗೆ ಪತ್ರಿಕೆಗಳಲ್ಲಿ ಬಂದ ಲೆಕ್ಕದಂತೆ ದೇಶದಲ್ಲಿ ಗುರುತಿಸಿದ್ದ ಇಂಥ ಜಾಗಗಳು 103, ಅವುಗಳಲ್ಲಿ ಶುದ್ಧೀಕರಣ ಶುರುವಾಗಿದ್ದುದು ಏಳರಲ್ಲಿ ಮಾತ್ರ.

ಈ ನಿಯಮದಲ್ಲಿ ನನಗೆ ಮುಖ್ಯ ಅನಿಸಿದ್ದು ಮೊದಲ ಹೆಜ್ಜೆ. ಶಂಕಿತ ಜಾಗಗಳ ಪಟ್ಟಿಯನ್ನು ಆರು ತಿಂಗಳಿಗೊಮ್ಮೆ ಮಾಡಬೇಕಾದವರು ಬೆಂಗಳೂರಿನವರೋ ದೆಹಲಿಯವರೋ ಅಲ್ಲ. ಸ್ಥಳೀಯ ಸಂಸ್ಥೆ ಅಥವಾ ಜಿಲ್ಲಾಡಳಿತ. ಅಂದರೆ ನಮ್ಮಂಥ ಊರಿನಲ್ಲಿ ಪಟ್ಟಣ ಪಂಚಾಯಿತಿ, ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿ. ಆ ಪಟ್ಟಿ ರಾಜ್ಯ ಮಾಲಿನ್ಯ ಮಂಡಳಿಗೆ ಹೋಗುತ್ತದೆ. ಮಂಡಳಿ 90 ದಿನದಲ್ಲಿ ಪ್ರಾಥಮಿಕ ಪರಿಶೀಲನೆ ಮಾಡಬೇಕು, ಸಂಶಯ ನಿಂತರೆ ಇನ್ನೂ 90 ದಿನದಲ್ಲಿ ವಿವರವಾದ ಸಮೀಕ್ಷೆ. ಕಲುಷಿತ ಎಂದು ಖಚಿತವಾದರೆ ಅದನ್ನು ಪ್ರಕಟಿಸಿ, ಕಾರಣರಾದವರನ್ನು ಗುರುತಿಸಿ ಅವರಿಂದಲೇ ಖರ್ಚು ವಸೂಲು ಮಾಡಬೇಕು. ಅವರು ಸಿಗದಿದ್ದರೆ, ಅವರಿಗೆ ಶಕ್ತಿ ಇಲ್ಲದಿದ್ದರೆ ಸರ್ಕಾರಗಳು ಭರಿಸಬೇಕು.

ಹಾಗಾದರೆ ಎಲ್ಲ ನಿಂತಿರುವುದು ಆ ಮೊದಲ ಪಟ್ಟಿಯ ಮೇಲೆ. ಪಟ್ಟಿಯಲ್ಲಿ ಜಾಗದ ಹೆಸರು ಬರೆಯದಿದ್ದರೆ 90 ದಿನದ ಗಡಿಯಾರ ಶುರುವಾಗುವುದೇ ಇಲ್ಲ. ಪಂಚಾಯಿತಿಯ ಹೊಸ ಅಧಿಕಾರಿಗೆ ಇಪ್ಪತ್ತು ವರ್ಷದ ಹಿಂದೆ ಎಲ್ಲಿ ಬಂಕ್ ಇತ್ತು ಎಂದು ಗೊತ್ತಿರುವುದಿಲ್ಲ. ಚಹಾದಂಗಡಿಯ ಅಜ್ಜನಿಗೆ ಗೊತ್ತಿರುತ್ತದೆ.

ಕಾಗದಗಳಲ್ಲೂ ಗುರುತು ಉಳಿದಿರುತ್ತದೆ. ಇದನ್ನು ಮಾಮುವಿಗಾಗಿ ಹುಡುಕುವಾಗ ಕಲಿತೆ. ಉತಾರದಲ್ಲಿ ಮಾಲೀಕರ ಹೆಸರು ಮಾತ್ರ ಕಂಡಿತು. ಆದರೆ ಕೃಷಿ ಜಮೀನನ್ನು ಎನ್.ಎ. ಮಾಡಿಸಿದ ಆದೇಶದಲ್ಲಿ ಯಾವ ಉದ್ದೇಶಕ್ಕೆ ಎಂದು ಬರೆದಿರುತ್ತಾರೆ, ಅದರಲ್ಲಿ ಬಂಕ್ ಎಂದಿದೆಯೇ ನೋಡಬೇಕು. ಜಾಗವನ್ನು ತೈಲ ಕಂಪನಿಗೆ ನೋಂದಾಯಿತ ಲೀಸಿಗೆ ಕೊಟ್ಟಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯ ಇ.ಸಿ.ಯಲ್ಲಿ ಅದು ಬರುತ್ತದೆ. ಹದಿಮೂರು ವರ್ಷದ ಇ.ಸಿ. ಸಾಲದು, ಮೂವತ್ತು ವರ್ಷದ್ದು ತೆಗೆಸಬೇಕು. ಡೀಲರನೇ ಸ್ವಂತ ಜಾಗದಲ್ಲಿ ನಡೆಸಿದ್ದರೆ ಲೀಸ್ ಇರುವುದಿಲ್ಲ, ಆಗ ಎನ್.ಎ. ಆದೇಶವೇ ಆಧಾರ. ಟ್ಯಾಂಕ್ ಎಷ್ಟು, ಎಲ್ಲಿ ಎಂಬ ನಕ್ಷೆ ಪೆಸೊ ಲೈಸೆನ್ಸಿನ ಕಡತದಲ್ಲಿ ಇರುತ್ತದೆ. 2005ರ ಮಾಹಿತಿ ಹಕ್ಕು ಕಾಯ್ದೆಯ ಕೆಳಗೆ ಹತ್ತು ರೂಪಾಯಿ ಕಟ್ಟಿ ಅದನ್ನು ಕೇಳಬಹುದು, 30 ದಿನದಲ್ಲಿ ಉತ್ತರ ಕೊಡಬೇಕು.

ಈ ಕಾಗದಗಳನ್ನೆಲ್ಲ ಜೋಡಿಸಿಕೊಂಡು ಮಾಮು ಆ ಊರಿನ ಪಂಚಾಯಿತಿಗೆ ಒಂದು ಅರ್ಜಿ ಕೊಟ್ಟರು. ಕರಡು ನಾನು ಬರೆದೆ. ಯಾರ ಮೇಲೂ ದೂರಿಲ್ಲ. ಇಂಥ ಸರ್ವೆ ನಂಬರಿನಲ್ಲಿ ಹಿಂದೆ ಇಂಧನ ಮಾರಾಟ ಕೇಂದ್ರ ಇತ್ತು, ಮೂರು ಭೂಗತ ಟ್ಯಾಂಕುಗಳಲ್ಲಿ ಒಂದರ ಸ್ಥಿತಿ ತಿಳಿದಿಲ್ಲ, 2025ರ ನಿಯಮದಂತೆ ಶಂಕಿತ ಸ್ಥಳಗಳ ಪಟ್ಟಿಗೆ ಸೇರಿಸಿ ಪರಿಶೀಲನೆಗೆ ಕಳಿಸಬೇಕು, ಇಷ್ಟೇ. ಅರ್ಜಿ ತೆಗೆದುಕೊಂಡ ಗುಮಾಸ್ತರು ಎರಡು ಸಲ ಓದಿ, "ಇಂಥಾದ್ದು ಮೊದಲ ಸಲ ಬಂದೈತ್ರಿ" ಎಂದರಂತೆ. ಆದರೂ ಸ್ವೀಕೃತಿ ಕೊಟ್ಟರು, ನಂಬರ್ ಹಾಕಿ ಸೀಲು ಒತ್ತಿ.

ಮಾರುವವರ ಜೊತೆ ಮಾಮು ಮಾತಾಡಿದಾಗ ಮೊದಲು ಬೇಸರವಾಯಿತು, ಸಹಜವೇ. ವಕೀಲರು ನಡುವೆ ಕೂತ ಮೇಲೆ ಕರಾರು ಪತ್ರಕ್ಕೆ ಎರಡು ಸಾಲು ಸೇರಿದವು: ಅಗೆಯುವಾಗ ಹಳೆಯ ಟ್ಯಾಂಕ್ ಅಥವಾ ಪೈಪ್ ಸಿಕ್ಕರೆ ಕಾನೂನಿನಂತೆ ತೆಗೆಸುವ ಖರ್ಚು ಮಾರುವವರದು, ನೀರಿನ ಪರೀಕ್ಷೆಯಲ್ಲಿ ಪೆಟ್ರೋಲಿಯಂ ಅಂಶ ಬಂದರೆ ಮುಂಗಡ ವಾಪಸ್. ಖರೀದಿಯ ದಿನವನ್ನೂ ಎರಡು ತಿಂಗಳು ಮುಂದೆ ಹಾಕಿದ್ದಾರೆ.

ಗಾಜಿನ ಸೀಸೆಗಳು ಕಳೆದ ವಾರ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಹೋದವು. ಎದುರಿನ ಮನೆಯವರ ಬೋರಿನದು ಒಂದು, ಹಿಂದಿನ ಹೊಲದವರದು ಒಂದು. ಅವರಿಬ್ಬರೂ ನೀರು ಕೊಡಲು ಒಪ್ಪಿದ್ದು, ರಿಪೋರ್ಟ್ ಬಂದಾಗ ತಮಗೂ ಒಂದು ಪ್ರತಿ ಕೊಡಬೇಕು ಎಂಬ ಮಾತಿನ ಮೇಲೆ. ರಿಪೋರ್ಟ್ ಇನ್ನೂ ಬಂದಿಲ್ಲ. ಪಂಚಾಯಿತಿಯ ಹಿಂಬರಹವೂ ಬಂದಿಲ್ಲ. ಬೋರ್ ಲಾರಿಯವರಿಗೆ ಸದ್ಯ ಬರುವುದು ಬೇಡ ಎಂದು ಮಾಮು ಫೋನ್ ಮಾಡಿದ್ದಾರೆ.

— ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗ